ಯುದ್ಧನೌಕೆಯೂ ಛಾಯಾಚಿತ್ರವೂ

ಘಟ್ಟದ ಮೇಲಿನವರಾದ ನಮಗೆ ಕಡಲು ದೂರ. ಸಕಲೇಶಪುರದ ಕಾಫಿತೋಟಗಳ ನಡುವೆಯೋ ಆಲೂರಿನ ಗದ್ದೆಬಯಲಿನಲ್ಲಿಯೋ ಬೆಳೆದವರಿಗೆ ಹಡಗೆಂಬುದು ಪುಸ್ತಕದಲ್ಲಿ ಕಂಡ ಚಿತ್ರವೇ ಹೊರತು ಕಣ್ಣಾರೆ ಕಂಡ ವಸ್ತುವಲ್ಲ. ಆದರೂ ನಮಗೂ ಕಡಲಿಗೂ ಸಂಬಂಧವಿಲ್ಲವೆನ್ನುವಂತಿಲ್ಲ. ಘಟ್ಟದ ಪಡುವಣ ಇಳಿಜಾರಿನಲ್ಲಿ ಸುರಿದ ಮಳೆ ನೇತ್ರಾವತಿಯನ್ನು ಕೂಡಿ ಅರಬ್ಬೀ ಸಮುದ್ರವನ್ನೇ ಸೇರುತ್ತದೆ. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ರೈಲು ನಮ್ಮ ಸಕಲೇಶಪುರವನ್ನು ಹಾದೇ ಘಟ್ಟವಿಳಿಯುತ್ತದೆ. ಆ ರೈಲಿನಲ್ಲಿ ನಮ್ಮ ಸಹಪಾಠಿಗಳು ಪ್ರವಾಸ ಹೋಗುವುದುಂಟು. ಎಲ್ಲರ ಜೇಬಿನಲ್ಲಿಯೂ ಮೊಬೈಲು, ಎಲ್ಲ ಮೊಬೈಲಿನಲ್ಲಿಯೂ ಕ್ಯಾಮರಾ ಇರುವ ಕಾಲವಿದು. ಆದುದರಿಂದ ಯುದ್ಧನೌಕೆಯ ಚಿತ್ರವನ್ನು ಹೇಗೆ ತೆಗೆಯಬೇಕು, ಎಲ್ಲಿ ತೆಗೆಯಬಾರದು, ಏಕೆ ತೆಗೆಯಬಾರದು ಎಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಕಾರವಾರದ ನೌಕಾನೆಲೆಗೆ 1986ರ ಅಕ್ಟೋಬರ್ 24ರಂದು ಅಂದಿನ ಪ್ರಧಾನಿ ರಾಜೀವ ಗಾಂಧಿಯವರು ಶಂಕುಸ್ಥಾಪನೆ ಮಾಡಿದರು. ‘ಸೀಬರ್ಡ್’ ಎಂಬುದು ಆ ಯೋಜನೆಯ ಹೆಸರು. 2005ರ ಮೇ 31ರಂದು ರಕ್ಷಣಾ ಸಚಿವರಾಗಿದ್ದ ಪ್ರಣವ್ ಮುಖರ್ಜಿಯವರು ನೆಲೆಯನ್ನು ರಾಷ್ಟ್ರಕ್ಕೆ ಸಮರ್ಪಿಸಿದರು. ಬನವಾಸಿಯ ರಾಜವಂಶದ ನೆನಪಿಗೆ ಅದಕ್ಕೆ ‘ಐ.ಎನ್.ಎಸ್. ಕದಂಬ’ ಎಂದು ನಾಮಕರಣವಾಯಿತು. 284 ಮೀಟರು ಉದ್ದದ ವಿಮಾನವಾಹಕ ನೌಕೆ ‘ವಿಕ್ರಮಾದಿತ್ಯ’ 2014ರ ಜನವರಿಯಲ್ಲಿ ರಷ್ಯಾದಿಂದ ಬಂದು ತಂಗಿದ್ದು ಇಲ್ಲಿಯೇ. ಈ ನೆಲೆಯ ಒಳಗೆ ಕ್ಯಾಮರಾ ಎತ್ತುವ ಮಾತೇ ಇಲ್ಲ. ಆದರೆ ಅದೇ ಊರಿನ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ‘ಚಪಲ್’ ಎಂಬ ನಿವೃತ್ತ ಕ್ಷಿಪಣಿ ದೋಣಿಯಿದೆ. 2006ರಲ್ಲಿ ಅದನ್ನು ವಸ್ತುಸಂಗ್ರಹಾಲಯವಾಗಿ ತೆರೆಯಲಾಯಿತು. ಹಡಗಿನ ಚಿತ್ರ ತೆಗೆಯಲು ಕಲಿಯಬೇಕೆನ್ನುವ ವಿದ್ಯಾರ್ಥಿಗೆ ಅದೇ ಮೊದಲ ಪಾಠಶಾಲೆ.

ಮೊದಲು ಬೆಳಕಿನ ವಿಚಾರ. ನಮ್ಮ ಕರಾವಳಿಯಲ್ಲಿ ಸಮುದ್ರವಿರುವುದು ಪಶ್ಚಿಮಕ್ಕೆ. ಬೆಳಗಿನ ಹೊತ್ತು ದಡದಲ್ಲಿ ನಿಂತರೆ ಸೂರ್ಯ ನಮ್ಮ ಬೆನ್ನ ಹಿಂದಿರುತ್ತಾನೆ; ಹಡಗಿನ ಮೈಮೇಲಿನ ಏಣಿ, ಕಿಟಕಿ, ಬರೆದ ಸಂಖ್ಯೆ ಎಲ್ಲವೂ ಸ್ಪಷ್ಟವಾಗಿ ಮೂಡುತ್ತವೆ. ಸಂಜೆಯಾದರೆ ಹಡಗಿನ ಹಿಂದೆ ಸೂರ್ಯ. ಆಗ ದೊರೆಯುವುದು ಕಪ್ಪು ಆಕೃತಿ ಮಾತ್ರ. ಸಂಜೆಯ ಚಿತ್ರ ಸುಂದರ, ಬೆಳಗಿನ ಚಿತ್ರ ಉಪಯುಕ್ತ. ಯುದ್ಧನೌಕೆಗೆ ಬೂದುಬಣ್ಣ ಬಳಿಯುವುದೇ ಅದು ದಿಗಂತದಲ್ಲಿ ಕರಗಿಹೋಗಲೆಂದು. ಹೀಗಾಗಿ ನಡುಹಗಲಿನ ಬಿಸಿಲಿನಲ್ಲಿ, ನೀರಿನಿಂದೇಳುವ ಝಳದಲ್ಲಿ, ದೂರದ ಹಡಗು ಮಸಕಾಗುತ್ತದೆ. ಹೊಳೆಯುವ ನೀರೂ ಆಕಾಶವೂ ಕ್ಯಾಮರಾವನ್ನು ಮೋಸಗೊಳಿಸುವುದರಿಂದ ಹಡಗು ಇರುವುದಕ್ಕಿಂತ ಕಪ್ಪಾಗಿ ಬೀಳುವುದೂ ಉಂಟು. ಬೆಳಕಿನ ಅಳತೆಯನ್ನು ಹಡಗಿನ ಮೈಯಿಂದಲೇ ತೆಗೆದುಕೊಳ್ಳಬೇಕು.

ನಿಂತ ಹಡಗನ್ನು ನೇರ ಪಕ್ಕದಿಂದ ತೆಗೆದರೆ ಅದರ ಉದ್ದ ತಿಳಿಯುತ್ತದೆ. ಮುಂಭಾಗದ ಓರೆಯಿಂದ ತೆಗೆದರೆ ಉದ್ದ, ಅಗಲ, ಎತ್ತರ ಮೂರೂ ತಿಳಿಯುತ್ತವೆ. ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತಿದ್ದರೆ ಗಾತ್ರದ ಅರಿವಾಗುತ್ತದೆ. ಸಮುದ್ರದ ಮೇಲೆ ದೋಣಿಯಲ್ಲಿ ಕುಳಿತು ತೆಗೆಯುವುದು ಇನ್ನೂ ಕಷ್ಟ. ಅಲ್ಲಿ ಹಡಗೂ ಚಲಿಸುತ್ತದೆ, ನಾವೂ ತೂಗಾಡುತ್ತೇವೆ. ಕಂಬಿಗೆ ಮೊಣಕೈ ಊರಿದರೆ ಎಂಜಿನ್ನಿನ ನಡುಕ ಚಿತ್ರಕ್ಕೆ ಇಳಿಯುತ್ತದೆ. ಮೊಣಕಾಲನ್ನು ಸ್ವಲ್ಪ ಬಾಗಿಸಿ ಮೈಭಾರದ ಮೇಲೆಯೇ ನಿಲ್ಲಬೇಕು. 1/500 ಸೆಕೆಂಡು ಅಥವಾ ಅದಕ್ಕಿಂತ ವೇಗದ ಷಟರು ಬೇಕು. ದಿಗಂತರೇಖೆ ಓರೆಯಾದರೆ ಸಮುದ್ರವೇ ಚೆಲ್ಲಿಹೋಗುವಂತೆ ತೋರುತ್ತದೆ. ಉಪ್ಪುನೀರಿನ ಹನಿ ಮಸೂರದ ಮೇಲೆ ಬಿದ್ದರೆ ಒಣಗುವ ಮುಂಚೆಯೇ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು.

ಇಷ್ಟಾದ ಮೇಲೆ ಚಿತ್ರದ ಕೆಳಗಿನ ಬರಹ. ಚಪಲ್ ದೋಣಿಯನ್ನು ಕಂಡವರು ಅದು 1971ರ ಯುದ್ಧದಲ್ಲಿ ಹೋರಾಡಿತೆಂದು ಹೇಳುವುದುಂಟು. ಆದರೆ 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಎರಗಿದ ಕ್ಷಿಪಣಿ ದೋಣಿಗಳು ನಿಪಾತ್, ನಿರ್ಘಾತ್, ವೀರ್ ಎಂಬುವು. ಚಪಲ್ ಅದೇ ಬಳಗದ ಮುಂದಿನ ಮಾದರಿ. ನೌಕಾಪಡೆಯನ್ನು ಸೇರಿದ್ದು 1976ರಲ್ಲಿ. ಬರಹ ತಪ್ಪಿದರೆ ಸತ್ಯವಾದ ಚಿತ್ರವೂ ಸುಳ್ಳು ಹೇಳುತ್ತದೆ. ಇತಿಹಾಸದ ವಿದ್ಯಾರ್ಥಿಗಳಾದ ನಾವು ಇದನ್ನು ವಿಶೇಷವಾಗಿ ಗಮನಿಸಬೇಕು.

ಇನ್ನು ಮುಖ್ಯ ವಿಷಯ. ಛಾಯಾಚಿತ್ರ ನೋಟದ ವಸ್ತು ಮಾತ್ರವಲ್ಲ, ಅದೊಂದು ದಾಖಲೆ. ತೆಗೆದವನು ಕಾಣದ್ದನ್ನು ಬಲ್ಲವನು ಅದರಲ್ಲಿ ಓದುತ್ತಾನೆ. 1941ರ ಮೇ 21ರಂದು ಬ್ರಿಟಿಷ್ ವಿಮಾನವೊಂದು ನಾರ್ವೆಯ ಬೆರ್ಗೆನ್ ಬಳಿಯ ಕಡಲಚಾಚಿನಲ್ಲಿ ತಂಗಿದ್ದ ಜರ್ಮನಿಯ ‘ಬಿಸ್ಮಾರ್ಕ್’ ನೌಕೆಯ ಚಿತ್ರವನ್ನು ಬಹು ಎತ್ತರದಿಂದ ತೆಗೆಯಿತು. ಅಲ್ಲಿಂದ ಬೇಟೆ ಮೊದಲಾಯಿತು. ಮೇ 27ರಂದು ಆ ಮಹಾನೌಕೆ ಎರಡು ಸಾವಿರಕ್ಕೂ ಮಿಕ್ಕ ನಾವಿಕರೊಡನೆ ಅಟ್ಲಾಂಟಿಕ್ ಸಾಗರದ ತಳ ಸೇರಿತು. ಅದು ಯುದ್ಧದ ಕಣ್ಣಿನಿಂದ ತೆಗೆದ ಚಿತ್ರ. ಆದರೆ 1942ರಲ್ಲಿ ಬಿ.ಬಿ.ಸಿ. ಬಾನುಲಿಯ ಮೂಲಕ ಬ್ರಿಟಿಷ್ ಸರ್ಕಾರ ಕೇಳಿದ್ದು ಜನ ರಜಾದಿನಗಳಲ್ಲಿ ಯೂರೋಪಿನ ಕಡಲತೀರಗಳಲ್ಲಿ ತೆಗೆದ ಚಿತ್ರಗಳನ್ನು ಮತ್ತು ಕೊಂಡ ಚಿತ್ರಕಾರ್ಡುಗಳನ್ನು! ಲಕ್ಷಗಟ್ಟಲೆ ಬಂದವು. ಮಕ್ಕಳು ಮರಳಲ್ಲಾಡುತ್ತಿರುವ ಚಿತ್ರದಲ್ಲಿ ಸೇನೆಯವರು ನೋಡಿದ್ದು ಮಕ್ಕಳನ್ನಲ್ಲ. ಹಿಂದಿನ ಇಳಿಜಾರನ್ನು, ಗೋಡೆಯನ್ನು, ದಾರಿಯನ್ನು. ಇಂದಿನ ಮೊಬೈಲಿನ ಚಿತ್ರವಾದರೋ ತೆಗೆದ ಗಳಿಗೆಯನ್ನು ತನ್ನೊಳಗೇ ಬರೆದುಕೊಂಡಿರುತ್ತದೆ. ಅನೇಕ ವೇಳೆ ಸ್ಥಳವನ್ನೂ.

ಆದುದರಿಂದಲೇ ಕಾನೂನು ಕಠಿಣವಾಗಿದೆ. 1923ರ ಅಧಿಕೃತ ರಹಸ್ಯಗಳ ಅಧಿನಿಯಮದಲ್ಲಿ ‘ನಕ್ಷೆ’ ಎಂಬ ಮಾತಿಗೆ ಛಾಯಾಚಿತ್ರವೂ ಸೇರಿದೆ. ದೇಶದ ಭದ್ರತೆಗೆ ಬಾಧಕವಾಗುವ ಉದ್ದೇಶದಿಂದ ನೌಕಾನೆಲೆ ಅಥವಾ ಹಡಗಿಗೆ ಸಂಬಂಧಿಸಿ ಅಪರಾಧವೆಸಗಿದರೆ 14 ವರ್ಷಗಳವರೆಗೆ ಕಾರಾಗೃಹವಾಸ. 2019ರ ಡಿಸೆಂಬರಿನಲ್ಲಿ ನೌಕಾಪಡೆ ತನ್ನ ಹಡಗು ಮತ್ತು ನೆಲೆಗಳಲ್ಲಿ ತನ್ನವರೇ ಸ್ಮಾರ್ಟ್‌ಫೋನು ಬಳಸುವುದನ್ನು ನಿಷೇಧಿಸಿತು. 2025ರ ಫೆಬ್ರವರಿಯಲ್ಲಿ ರಾಷ್ಟ್ರೀಯ ತನಿಖಾ ದಳವು ಉತ್ತರ ಕನ್ನಡದ ಇಬ್ಬರನ್ನು ಬಂಧಿಸಿತು. ಜಾಲತಾಣದಲ್ಲಿ ಪರಿಚಯವಾದ ವಿದೇಶೀಯರಿಗೆ ಕಾರವಾರ ನೆಲೆಯ ಮಾಹಿತಿ ಒದಗಿಸಿದರೆಂಬುದು ಆರೋಪ. ಆರೋಪದ ನಿಜಾನಿಜ ನ್ಯಾಯಾಲಯಕ್ಕೆ ಸೇರಿದ್ದು.

ಆ ಸುದ್ದಿಯನ್ನು ಓದಿದಾಗ ನನಗೆ ತೋರಿದ್ದು ಇಷ್ಟು. ಇಂಥ ಬಲೆಗೆ ಗುರಿಯಾಗುವವರು ದೊಡ್ಡ ಅಧಿಕಾರಿಗಳು ಮಾತ್ರವೇ ಅಲ್ಲ. ಗುತ್ತಿಗೆ ಕೆಲಸದ ಹುಡುಗರು, ತಿಂಗಳ ಸಂಬಳವನ್ನು ಮನೆಗೆ ಕಳಿಸುವವರು, ಎಂದರೆ ನಮ್ಮಂಥವರೇ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನಂತೆ ಈ ಕಾಲೇಜಿನಲ್ಲಿ ಅನೇಕರಿದ್ದಾರೆ. ನೌಕಾಪಡೆಗೆ ಅರ್ಜಿ ಹಾಕಲು ಸಿದ್ಧರಾಗುತ್ತಿರುವ ಮಿತ್ರರೂ ಇದ್ದಾರೆ. ಅಪ್ಪ ಅಮ್ಮ ತೋಟದಲ್ಲಿ ದುಡಿದು ಕಟ್ಟಿದ ಹತ್ತು ಹದಿನೈದು ವರ್ಷಗಳ ಶ್ರಮ, ಪರಿಚಯವಿಲ್ಲದವರು “ಒಂದು ಫೋಟೋ ಕಳಿಸು” ಎಂದಾಗ ಒಂದು ಕ್ಷಣದಲ್ಲಿ ಕರಗಿಹೋಗಬಹುದು. ಫಲಕದಲ್ಲಿ ನಿಷೇಧವೆಂದು ಬರೆದಿದ್ದರೆ ಕ್ಯಾಮರಾ ಕೆಳಗಿಳಿಸಬೇಕು. ಸಂದೇಹವಿದ್ದರೆ ಕಾವಲಿನವರನ್ನು ಕೇಳಬೇಕು. ಹೀಗೆ ಕೇಳುವುದರಲ್ಲಿ ಅವಮಾನವೇನೂ ಇಲ್ಲ.

ಹಾಗೆಂದು ಕ್ಯಾಮರಾವನ್ನೇ ಬಿಡಬೇಕೆಂದಲ್ಲ. ನೌಕಾಪಡೆ ತಾನೇ ತನ್ನ ಹಡಗುಗಳನ್ನು ಜನರಿಗೆ ತೋರಿಸುವ ದಿನಗಳುಂಟು. 2001ರಲ್ಲಿ ಮುಂಬಯಿಯಲ್ಲಿ, 2016ರಲ್ಲಿ ವಿಶಾಖಪಟ್ಟಣದಲ್ಲಿ ಅಂತರರಾಷ್ಟ್ರೀಯ ನೌಕಾ ಪರಿವೀಕ್ಷಣೆಗಳು ನಡೆದವು. ಹಡಗಿನಷ್ಟೇ ಚಿತ್ರಾರ್ಹವಾದ ಇನ್ನೊಂದು ವಸ್ತುವೂ ಇದೆ. ಕಾರವಾರ, ಅಂಕೋಲಾ ತಾಲ್ಲೂಕುಗಳಲ್ಲಿ ಈ ನೆಲೆಗಾಗಿ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಮೀನು ಹಿಡಿಯುವ ತೀರವನ್ನು ಬಿಟ್ಟುಕೊಟ್ಟವು. ನಮ್ಮ ಆಲೂರು ಸೀಮೆಯ ಹಳ್ಳಿಗಳು 1979ರಲ್ಲಿ ಪೂರ್ಣಗೊಂಡ ಹೇಮಾವತಿ ಜಲಾಶಯಕ್ಕೆ ಮುಳುಗಿದಂತೆಯೇ ಅದೂ. ಹಿನ್ನೀರಿನಲ್ಲಿ ನಿಂತ ಶೆಟ್ಟಿಹಳ್ಳಿಯ ಚರ್ಚಿನ ಚಿತ್ರವನ್ನು ಎಲ್ಲರೂ ತೆಗೆಯುತ್ತಾರೆ. ಮುಳುಗಿದ ಮನೆಗಳಲ್ಲಿ ಬಾಳಿದ ಅಜ್ಜ ಅಜ್ಜಿಯರ ಚಿತ್ರವನ್ನು ತೆಗೆದು, ಕೆಳಗೆ ಊರಿನ ಹೆಸರು ಬರೆದಿಟ್ಟವರು ಎಷ್ಟು ಮಂದಿ? ಅದಕ್ಕೆ ಯಾವ ಫಲಕದ ಅಡ್ಡಿಯೂ ಇಲ್ಲ. ಅವರ ಒಪ್ಪಿಗೆಯೊಂದು ಸಾಕು.

ಕ್ಯಾಮರಾ ಹಿಡಿದವನಿಗೆ ಕಣ್ಣೂ ಬೇಕು, ವಿವೇಕವೂ ಬೇಕು. ದೇಶದ ಗುಟ್ಟನ್ನು ಕಾಯುವುದೂ ಜನರ ನೆನಪನ್ನು ಉಳಿಸುವುದೂ ವಿದ್ಯಾವಂತನ ಕರ್ತವ್ಯವೇ ಸರಿ. ಯಾವ ಚಿತ್ರ ಯಾವುದಕ್ಕೆ ಸೇರಿದ್ದೆಂದು ಗುಂಡಿ ಒತ್ತುವ ಮುನ್ನ ಒಂದು ಗಳಿಗೆ ಯೋಚಿಸುವ ಅಭ್ಯಾಸವನ್ನು ನಾವೆಲ್ಲರೂ ಮಾಡಿಕೊಳ್ಳೋಣ.