ಗಣಕಯಂತ್ರದ ಮೂರ್ಛೆ: ಕಾರಣವನ್ನು ಹುಡುಕಿದ ಬಗೆ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬ ಗಣಕಯಂತ್ರದ ವಿಷಯವಾಗಿ ಬರೆಯಹೊರಡುವುದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಬಹುದು. ಆದರೆ ನನ್ನನ್ನು ಈ ಸಂಕಟದಿಂದ ಪಾರುಮಾಡಿದ್ದು ಯಂತ್ರಶಾಸ್ತ್ರವಲ್ಲ, ನಮ್ಮ ತರಗತಿಯಲ್ಲಿ ಅರೆನಿದ್ದೆಯಲ್ಲಿ ಕೇಳಿದ ತರ್ಕಶಾಸ್ತ್ರ. ಆದುದರಿಂದ ಈ ಲೇಖನಕ್ಕೆ ನಮ್ಮ ಕಾಲೇಜಿನ ಸಂಚಿಕೆಯಲ್ಲಿ ಸ್ಥಳವುಂಟೆಂದು ನಂಬಿದ್ದೇನೆ.

ಕಳೆದ ವರ್ಷದ ಮಾಗಿಯಲ್ಲಿ ನನ್ನ ಲ್ಯಾಪ್‌ಟಾಪಿಗೆ ಒಂದು ವಿಚಿತ್ರ ವ್ಯಾಧಿ ತಗುಲಿತು. ಚೆನ್ನಾಗಿ ನಡೆಯುತ್ತಿದ್ದ ಯಂತ್ರ ಇದ್ದಕ್ಕಿದ್ದಂತೆ ಪರದೆಯನ್ನೆಲ್ಲ ನೀಲಿಯಾಗಿಸಿ, ಇಂಗ್ಲಿಷಿನಲ್ಲಿ ನಾಲ್ಕು ಸಾಲು ಹೇಳಿ, ನಾನು ಓದಿ ಮುಗಿಸುವುದರೊಳಗೆ ಆರಿಹೋಗಿ, ತಾನಾಗಿಯೇ ಮತ್ತೆ ಎಚ್ಚರಗೊಳ್ಳುತ್ತಿತ್ತು. ಬರೆಯುತ್ತಿದ್ದುದು ಮಾತ್ರ ಮಾಯವಾಗಿರುತ್ತಿತ್ತು.

ಆ ಯಂತ್ರದೊಳಗೆ ನನ್ನ ಅಜ್ಜಿ ಹಾಡಿದ ನಲವತ್ತೆರಡು ರಾಗಿ ಬೀಸುವ ಪದಗಳಿದ್ದವು. ಅಂತಿಮ ವರ್ಷದ ಕಿರುಪ್ರಬಂಧಕ್ಕಾಗಿ ರಜೆಯಲ್ಲಿ ಫೋನಿನಲ್ಲಿ ಹಿಡಿದುಕೊಂಡು, ಲ್ಯಾಪ್‌ಟಾಪಿಗೆ ಹಾಕಿ, ಫೋನಿನಲ್ಲಿ ಜಾಗವಿಲ್ಲವೆಂದು ಅಲ್ಲಿ ಅಳಿಸಿಬಿಟ್ಟಿದ್ದೆ. ಹತ್ತೊಂಬತ್ತನ್ನು ಬರೆದಿಳಿಸಿಯಾಗಿತ್ತು. ಉಳಿದವನ್ನು ಇನ್ನೊಮ್ಮೆ ಹಾಡಿಸೋಣವೆಂದರೆ ಕಾರ್ತಿಕದಲ್ಲಿ ಅಜ್ಜಿ ತೀರಿಕೊಂಡಿದ್ದರು. ಇನ್ನೊಂದು ನಕಲು ತೆಗೆದಿಡಬೇಕೆಂಬ ಬುದ್ಧಿ ನನಗೆ ಅದುವರೆಗೂ ಬಂದಿರಲಿಲ್ಲ.

ಪೇಟೆಯ ರಿಪೇರಿ ಅಂಗಡಿಗೆ ಯಂತ್ರವನ್ನು ಒಯ್ದೆ. ಅಂಗಡಿಯವರು ಐದು ನಿಮಿಷ ನೋಡಿ, “ಮದರ್‌ಬೋರ್ಡ್ ಹೋಗಿರಬೇಕು ತಮ್ಮಾ. ಒಂಬತ್ತು ಸಾವಿರ ಆಗುತ್ತೆ. ಇಲ್ಲವೆಂದರೆ ಎಲ್ಲವನ್ನೂ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿ ನೋಡೋಣ” ಎಂದರು. ಒಂಬತ್ತು ಸಾವಿರ ನನ್ನಲ್ಲಿರಲಿಲ್ಲ. ಎರಡನೆಯದಕ್ಕೆ ಒಪ್ಪಿಬಿಟ್ಟೆ. ಅವರು ಪೆನ್‌ಡ್ರೈವ್ ಸಿಕ್ಕಿಸುತ್ತ, “ಇದರಲ್ಲಿ ಬೇಕಾದ್ದೇನೂ ಇಲ್ಲ ತಾನೆ?” ಎಂದು ಕೇಳಿದರು. ಆ ಒಂದು ಪ್ರಶ್ನೆ ಅಂದು ನನ್ನನ್ನು ಉಳಿಸಿತು. ಯಂತ್ರವನ್ನು ಎತ್ತಿಕೊಂಡು ಹಾಸ್ಟೆಲಿಗೆ ಬಂದೆ. ಆ ರಾತ್ರಿ ಎರಡು ಮೂರ್ಛೆಗಳ ನಡುವೆ ದೊರೆತ ಅವಕಾಶದಲ್ಲಿ ಪದಗಳನ್ನೆಲ್ಲ ಎರಡು ಪೆನ್‌ಡ್ರೈವುಗಳಿಗೆ ನಕಲು ಮಾಡಿ, ಒಂದನ್ನು ಗೆಳೆಯನ ಪೆಟ್ಟಿಗೆಯಲ್ಲಿಟ್ಟೆ. ಕಾಯಿಲೆಯ ಪರೀಕ್ಷೆಗೆ ಮೊದಲು ಮಾಡತಕ್ಕ ಕೆಲಸ ಇದೇ ಎಂಬುದನ್ನು ವಾಚಕರು ಮರೆಯಬಾರದು.

ಮರುದಿನ ಹಾಸ್ಟೆಲಿನಲ್ಲಿ ವೈದ್ಯರಿಗೇನೂ ಕೊರತೆಯಾಗಲಿಲ್ಲ. ಒಬ್ಬ ವೈರಸ್ಸೆಂದ, ಇನ್ನೊಬ್ಬ ಕಾವು ಹೆಚ್ಚಾಗಿದೆಯೆಂದ, ಮೂರನೆಯವನು ನಮ್ಮ ಹಾಸ್ಟೆಲಿನ ಕರೆಂಟನ್ನು ದೂರಿದ. ಒಮ್ಮೆ ನಾನು ಒಂದು ಚಲನಚಿತ್ರವನ್ನು ತೆರೆದಾಗಲೇ ಯಂತ್ರ ನಿಂತದ್ದರಿಂದ, ಆ ಚಿತ್ರವೇ ಕಾರಣವೆಂದು ಎಲ್ಲರೂ ತೀರ್ಮಾನಿಸಿದರು. ಆಗ ನನಗೆ ನಮ್ಮ ಮೇಷ್ಟರ ಪಾಠ ನೆನಪಾಯಿತು. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದರೆ, ಕಾಗೆಯೇ ಹಣ್ಣನ್ನು ಬೀಳಿಸಿತೆಂದು ಹೇಳಲಾಗುವುದಿಲ್ಲ, ಅದು ಕಾಕತಾಲೀಯ. ಕಾರಣವೆನ್ನಬೇಕಾದರೆ ಅನ್ವಯ ವ್ಯತಿರೇಕಗಳೆರಡೂ ಬೇಕು. ಅದು ಇದ್ದಾಗ ಇದು ಉಂಟಾಗಬೇಕು. ಅದು ಇಲ್ಲದಾಗ ಇದು ಇಲ್ಲವಾಗಬೇಕು. ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ 1843ರಲ್ಲಿ ಪ್ರಕಟಿಸಿದ ತರ್ಕಗ್ರಂಥದಲ್ಲಿ ವಿವರಿಸಿದ ವಿಧಾನಗಳೂ ಹೆಚ್ಚು ಕಡಮೆ ಇದೇ ದಾರಿಯವು.

ಒಂದು ನೋಟುಬುಕ್ಕನ್ನು ತೆಗೆದುಕೊಂಡು, ಪ್ರತಿ ಬಾರಿ ಯಂತ್ರ ನಿಂತಾಗಲೂ ವೇಳೆ, ಸ್ಥಳ, ಆಗ ಮಾಡುತ್ತಿದ್ದ ಕೆಲಸ ಇವನ್ನು ಬರೆದಿಡತೊಡಗಿದೆ. ಆರು ದಿನಗಳಲ್ಲಿ ಹನ್ನೊಂದು ಬಾರಿ ನಿಂತಿತು. ಎರಡು ಬಾರಿ ಕರೆಂಟಿನ ತಂತಿಯನ್ನೇ ತೆಗೆದು ಬ್ಯಾಟರಿಯ ಮೇಲೆ ನಡೆಸುತ್ತಿದ್ದೆ. ಹಾಗಾಗಿ ಕರೆಂಟು ನಿರಪರಾಧಿ. ಒಂದು ಬಾರಿ ಮುಂಜಾನೆಯ ಚಳಿಯಲ್ಲಿ, ಯಂತ್ರ ಕೈಗೆ ತಣ್ಣಗಿದ್ದಾಗಲೇ ನಿಂತಿತು. ಕಾವಿನ ಮೇಲಿನ ಸಂದೇಹವೂ ಬಹಳಮಟ್ಟಿಗೆ ಹೋಯಿತು. ವಿಂಡೋಸಿನಲ್ಲಿಯೇ ಇರುವ ಮೆಮೊರಿ ಡಯಾಗ್ನೋಸ್ಟಿಕ್ ಎಂಬ ಪರೀಕ್ಷೆಯನ್ನು ರಾತ್ರಿ ನಡೆಸಿದಾಗ ಸ್ಮರಣಕೋಶದಲ್ಲಿ ದೋಷ ಕಾಣಲಿಲ್ಲ. ಆದರೆ ನೋಟುಬುಕ್ಕನ್ನು ನೋಡುತ್ತಿದ್ದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಹನ್ನೊಂದೂ ಬಾರಿ ನಾನು ಇದ್ದದ್ದು ಗ್ರಂಥಾಲಯದಲ್ಲಿ ಇಲ್ಲವೇ ಹಾಸ್ಟೆಲಿನಲ್ಲಿ. ಭಾನುವಾರ ಊರಿನ ಜಗಲಿಯ ಮೇಲೆ ಕುಳಿತು ಐದು ಗಂಟೆ ಬರೆದಾಗ ಒಮ್ಮೆಯೂ ನಿಂತಿರಲಿಲ್ಲ. ಊರಿನಲ್ಲಿ ಇಲ್ಲದ್ದು, ಇಲ್ಲಿ ಇರುವುದು ಯಾವುದು? ವೈಫೈ!

ಇನ್ನು ಯಂತ್ರವೇ ಏನು ಹೇಳುತ್ತಿದೆಯೆಂದು ಕೇಳಬೇಕಾಗಿತ್ತು. ಅದು ತಾನಾಗಿ ಮತ್ತೆ ಆರಂಭವಾಗುವುದನ್ನು ತಡೆಯಲು ವಿಂಡೋಸಿನಲ್ಲಿ ‘ಸ್ಟಾರ್ಟಪ್ ಅಂಡ್ ರಿಕವರಿ’ ಎಂಬೆಡೆ ಒಂದು ಗುರುತುಂಟು. ಅದನ್ನು ತೆಗೆದೆ. ಮುಂದಿನ ಸಲ ನೀಲಿ ಪರದೆ ಹಾಗೆಯೇ ನಿಂತಿತು. ‘ಡ್ರೈವರ್ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್’ ಎಂದು ಒಂದು ಸಾಲು; ಅದರ ಕೆಳಗೆ, ವಿಫಲವಾದದ್ದು ಇಂಥದು ಎಂದು ‘ಸಿಸ್’ ಎಂದು ಕೊನೆಗೊಳ್ಳುವ ಒಂದು ಕಡತದ ಹೆಸರು. ಅದು ನನ್ನ ಯಂತ್ರದ ನಿಸ್ತಂತು ಕಾರ್ಡಿನ ಡ್ರೈವರಿನದಾಗಿತ್ತು.

ಇಲ್ಲಿ ಡ್ರೈವರ್ ಎಂದರೆ ಬಸ್ಸನ್ನು ನಡೆಸುವವನಲ್ಲ. ಅವನನ್ನು ದುಭಾಷಿಯೆಂದು ತಿಳಿಯಬೇಕು. ಗಣಕಯಂತ್ರದೊಳಗಿನ ನಿಸ್ತಂತು ಕಾರ್ಡು ಒಂದು ಪುಟ್ಟ ರೇಡಿಯೋ. ಅದರ ಭಾಷೆ ವಿಂಡೋಸಿಗೆ ತಿಳಿಯದು. ವಿಂಡೋಸಿನ ಭಾಷೆ ಅದಕ್ಕೆ ತಿಳಿಯದು. ಇವರಿಬ್ಬರ ನಡುವೆ ಮಾತನ್ನು ದಾಟಿಸುವ ಕಿರುತಂತ್ರಾಂಶವೇ ಡ್ರೈವರ್.

ಹಾಗಾದರೆ ಒಬ್ಬ ದುಭಾಷಿ ತಪ್ಪಿದರೆ ಇಡೀ ರಾಜ್ಯವೇ ಏಕೆ ಮುಳುಗಬೇಕು? ಕಾರಣ ಅವನು ಕುಳಿತಿರುವ ಸ್ಥಳ. ಇಂದಿನ ಸಾಮಾನ್ಯ ಗಣಕಗಳ ಸಂಸ್ಕಾರಕವು ತಂತ್ರಾಂಶಗಳಿಗೆ ನಾಲ್ಕು ಅಂತಸ್ತಿನ ಅಧಿಕಾರವನ್ನು ಕೊಡಬಲ್ಲುದಾದರೂ ವಿಂಡೋಸ್ ಎರಡನ್ನೇ ಬಳಸುತ್ತದೆ. ನಾವು ಬಳಸುವ ಬರವಣಿಗೆಯ ತಂತ್ರಾಂಶ, ಹಾಡು ಕೇಳಿಸುವ ತಂತ್ರಾಂಶ ಇವೆಲ್ಲ ದೇವಸ್ಥಾನದ ನವರಂಗದಲ್ಲಿ ನಿಂತ ಭಕ್ತರಂತೆ. ಅಲ್ಲಿ ಒಬ್ಬ ಜಾರಿಬಿದ್ದರೆ ಅವನನ್ನು ಎತ್ತಿ ಹೊರಗೆ ಕಳುಹಿಸಿದರಾಯಿತು, ಪೂಜೆ ನಿಲ್ಲುವುದಿಲ್ಲ. ಕರ್ನಲ್ ಎಂಬ ತಿರುಳಾದರೋ ಗರ್ಭಗುಡಿ. ನಿಸ್ತಂತು ಕಾರ್ಡಿನ ಡ್ರೈವರಿಗೆ ಅಲ್ಲಿ ಪ್ರವೇಶವುಂಟು. ಅಲ್ಲಿ ಕೈತಪ್ಪಿದರೆ ದೀಪವೇ ಉರುಳುತ್ತದೆ.

ಪರದೆಯ ಮೇಲಿನ ಆ ಒಗಟಿನಂಥ ಸಾಲಿಗೂ ಅರ್ಥವಿದೆ. ಗಾಳಿಯಿಂದ ಸುದ್ದಿ ಬಂದೊಡನೆ ಕಾರ್ಡು ಸಂಸ್ಕಾರಕವನ್ನು ತಟ್ಟಿ ಎಚ್ಚರಿಸುತ್ತದೆ. ಸಂಸ್ಕಾರಕ ಇತರ ಕೆಲಸಗಳನ್ನು ಬದಿಗಿಟ್ಟು ಡ್ರೈವರಿನ ಮಾತನ್ನು ನಡೆಸುತ್ತದೆ. ಅಂಥ ತುರ್ತಿನ ವೇಳೆಯಲ್ಲಿ ಡ್ರೈವರ್ ತನಗೆ ಬೇಕಾದುದೆಲ್ಲ ಸ್ಮರಣಕೋಶದಲ್ಲಿಯೇ ಇರುವಂತೆ ಮುಂಚಿತವಾಗಿ ನೋಡಿಕೊಂಡಿರಬೇಕು. ಏಕೆಂದರೆ ವಿಂಡೋಸ್ ಸ್ಮರಣಕೋಶದ ಕೆಲವು ಪುಟಗಳನ್ನು ಆಗಾಗ್ಗೆ ಡಿಸ್ಕಿಗೆ ಸಾಗಿಸಿ, ಬೇಕಾದಾಗ ತರಿಸಿಕೊಳ್ಳುತ್ತದೆ. ಆದರೆ ಈ ತುರ್ತಿನ ಗಳಿಗೆಯಲ್ಲಿ ಹಾಗೆ ತರಿಸಿಕೊಳ್ಳಲು ಸಾಧ್ಯವಿಲ್ಲ. ನಡುಹೊಳೆಯಲ್ಲಿರುವ ಅಂಬಿಗ ಮನೆಯಲ್ಲಿ ಮರೆತುಬಂದ ಹುಟ್ಟನ್ನು ತರಲು ಹೋಗಬಲ್ಲನೆ? ಡ್ರೈವರ್ ಅಂಥ ಪುಟವನ್ನೋ ತಪ್ಪು ವಿಳಾಸವನ್ನೋ ಮುಟ್ಟಹೋದರೆ, ವಿಂಡೋಸ್ ಕೈಯೆತ್ತಿ ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. ಹಾಗೆಯೇ ಮುಂದುವರಿದರೆ ಡಿಸ್ಕಿನಲ್ಲಿ ಉಳಿಸಿದ್ದೂ ಕೆಡಬಹುದೆಂಬ ಭಯ ಅದಕ್ಕೆ. ನಾನು ಸಾವೆಂದು ಭಾವಿಸಿದ ನೀಲಿ ಪರದೆ ವಾಸ್ತವವಾಗಿ ಕಾವಲುಗಾರನ ಕೂಗು. (2025ರಿಂದ ವಿಂಡೋಸ್ 11ರಲ್ಲಿ ಈ ಪರದೆಯ ಬಣ್ಣ ಕಪ್ಪಾಗಿದೆ, ಕೂಗು ಅದೇ.)

ಪರದೆಯ ಮೇಲೆ ಹೆಸರು ಕಂಡೊಡನೆ ಶಿಕ್ಷೆ ವಿಧಿಸುವುದೂ ಸರಿಯಲ್ಲ. ಬೇರೊಂದು ಡ್ರೈವರ್ ಕೆಡಿಸಿದ ಸ್ಥಳದಲ್ಲಿ ಇದು ಕಾಲಿಟ್ಟು ಬಿದ್ದಿರಲೂಬಹುದು. ಆ ಹೆಸರು ಸಾಕ್ಷಿಯೇ ಹೊರತು ತೀರ್ಪಲ್ಲ. ಆದುದರಿಂದ ಒಂದು ಸಲಕ್ಕೆ ಒಂದೇ ಒಂದನ್ನು ಬದಲಿಸುತ್ತ ಪರೀಕ್ಷಿಸಿದೆ.

ಮೊದಲನೆಯದು: ಡಿವೈಸ್ ಮ್ಯಾನೇಜರಿನಲ್ಲಿ ನಿಸ್ತಂತು ಕಾರ್ಡನ್ನು ‘ಡಿಸೇಬಲ್’ ಮಾಡಿ, ಅದೇ ಕೋಣೆಯಲ್ಲಿ, ಅದೇ ಮೇಜಿನ ಮೇಲೆ ಎರಡು ದಿನ ಕೆಲಸ ಮಾಡಿದೆ. ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಮತ್ತೆ ಚಾಲನೆಗೊಳಿಸಿದೆ, ಇಪ್ಪತ್ತು ನಿಮಿಷದಲ್ಲಿ ನೀಲಿ ಪರದೆ.

ಎರಡನೆಯದು: ದೋಷ ಅಂತರ್ಜಾಲದ್ದೋ ಕಾರ್ಡಿನ ಕಡೆಯದೋ ಎಂದು ತಿಳಿಯಲು, ಕಾರ್ಡನ್ನು ಮತ್ತೆ ನಿಲ್ಲಿಸಿ, ಫೋನನ್ನು ಯುಎಸ್‌ಬಿ ತಂತಿಯಿಂದ ಸೇರಿಸಿ ಅದರ ಮೂಲಕ ಅಂತರ್ಜಾಲವನ್ನು ಬಳಸಿದೆ. ಈ ದಾರಿಗೆ ದುಭಾಷಿ ಬೇರೆ. ದಿನವಿಡೀ ಯಂತ್ರ ನಿಲ್ಲಲಿಲ್ಲ.

ಮೂರನೆಯದು: ಕಾರ್ಡೇ ಕೆಟ್ಟಿದೆಯೋ ಡ್ರೈವರ್ ಕೆಟ್ಟಿದೆಯೋ? ಉಬುಂಟು ಎಂಬ ಲಿನಕ್ಸನ್ನು ಡಿಸ್ಕಿಗೆ ಹಾಕದೆಯೇ ಪೆನ್‌ಡ್ರೈವಿನಿಂದ ನಡೆಸಬಹುದು. ಹಾಗೆ ನಡೆಸಿ, ಸಂಜೆಯೆಲ್ಲ ಅದೇ ಕಾರ್ಡಿನಿಂದ ವೈಫೈ ಬಳಸಿದೆ. ಏನೂ ಆಗಲಿಲ್ಲ. ಲಿನಕ್ಸಿನಲ್ಲಿ ಡ್ರೈವರ್ ಮಾತ್ರವಲ್ಲ, ವ್ಯವಸ್ಥೆಯೆಲ್ಲವೂ ಬೇರೆಯಾದುದರಿಂದ ಇದೊಂದೇ ಸಾಲದು. ಆದರೂ ಕಾರ್ಡು ಗಟ್ಟಿಯಾಗಿದೆಯೆಂಬ ನಂಬಿಕೆ ಬಂತು.

ನಾಲ್ಕನೆಯದೇ ನಿರ್ಣಾಯಕವಾದುದು. ವಿಂಡೋಸಿನಲ್ಲಿ ‘ರಿಲಯಬಿಲಿಟಿ ಮಾನಿಟರ್’ ಎಂಬ ದಿನಚರಿಯುಂಟು. ಯಾವ ದಿನ ಏನು ಹೊಸದಾಗಿ ಬಂತು, ಯಾವ ದಿನ ಏನು ಕೆಟ್ಟಿತು ಎಂಬುದನ್ನು ಅದು ಸಾಲಾಗಿ ತೋರಿಸುತ್ತದೆ. ಮೊದಲ ಮೂರ್ಛೆಯ ಹಿಂದಿನ ಸಂಜೆ ನಿಸ್ತಂತು ಕಾರ್ಡಿಗೆ ಹೊಸ ಡ್ರೈವರ್ ತಾನಾಗಿಯೇ ಬಂದು ಕುಳಿತಿತ್ತು! ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ‘ಪ್ರಾಪರ್ಟೀಸ್’ ತೆರೆದು, ‘ರೋಲ್ ಬ್ಯಾಕ್ ಡ್ರೈವರ್’ ಎಂಬ ಗುಂಡಿಯನ್ನು ಒತ್ತಿ ಹಳೆಯದನ್ನು ಮರಳಿ ತಂದೆ. ಕಾರ್ಡು ಅದೇ, ವಿಂಡೋಸ್ ಅದೇ, ವೈಫೈ ಅದೇ. ಬದಲಾದುದು ಡ್ರೈವರ್ ಮಾತ್ರ. ಈ ಲೇಖನವನ್ನು ಬರೆಯುವ ಹೊತ್ತಿಗೆ ಮೂರು ತಿಂಗಳಾಯಿತು; ಯಂತ್ರ ಒಮ್ಮೆಯೂ ಮೂರ್ಛೆಹೋಗಿಲ್ಲ. ಖರ್ಚಾದದ್ದು ಒಂದು ನೋಟುಬುಕ್ಕು.

ನನ್ನಂಥವರಿಗಾಗಿ ಇನ್ನೆರಡು ಮಾತು. ಕೆಲವು ಯಂತ್ರಗಳಲ್ಲಿ ಆ ಗುಂಡಿ ಮಂಕಾಗಿ, ಒತ್ತಲು ಬಾರದಂತಿರುತ್ತದೆ. ಹಳೆಯ ಡ್ರೈವರ್ ಉಳಿದಿಲ್ಲವೆಂದು ಅದರ ಅರ್ಥ. ಆಗ ಯಂತ್ರದ ಹಿಂಬದಿಯಲ್ಲಿರುವ ಮಾದರಿ ಸಂಖ್ಯೆಯನ್ನು ನೋಡಿ, ಯಂತ್ರವನ್ನು ತಯಾರಿಸಿದವರ ತಾಣದಿಂದಲೇ ಬೇರೊಂದು ಗಣಕದಲ್ಲಿ ಡ್ರೈವರನ್ನು ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತರಬೇಕು. ‘ನಿಮ್ಮ ಡ್ರೈವರುಗಳನ್ನೆಲ್ಲ ಉಚಿತವಾಗಿ ಸರಿಪಡಿಸುತ್ತೇವೆ’ ಎಂದು ಕರೆಯುವ ಅಪರಿಚಿತ ತಾಣಗಳ ಬಳಿ ಸುಳಿಯಬಾರದು. ಗರ್ಭಗುಡಿಯ ಬೀಗದಕೈಯನ್ನು ದಾರಿಹೋಕನಿಗೆ ಕೊಡುವವರುಂಟೆ? ಕೆಟ್ಟ ಡ್ರೈವರ್ ಮತ್ತೆ ತಾನಾಗಿ ಬರುವಂತಿದ್ದರೆ, ಕೆಲವು ವಾರ ಅಪ್‌ಡೇಟನ್ನು ತಡೆಹಿಡಿದು, ತಿದ್ದಿದ ಹೊಸ ಆವೃತ್ತಿ ಬಂದಾಗ ಹಾಕಿಕೊಳ್ಳಬೇಕು. ಭದ್ರತೆಯ ತಿದ್ದುಪಡಿಗಳೂ ಆ ದಾರಿಯಲ್ಲಿಯೇ ಬರುವುದರಿಂದ ಬಹುಕಾಲ ತಡೆಯುವುದು ಒಳ್ಳೆಯದಲ್ಲ. ಇಷ್ಟಾದರೂ ವಾಸಿಯಾಗದಿದ್ದರೆ ಯುಎಸ್‌ಬಿಗೆ ಸಿಕ್ಕಿಸುವ ಸಣ್ಣ ವೈಫೈ ಅಡಾಪ್ಟರ್ ಕೆಲವೇ ನೂರು ರೂಪಾಯಿಗೆ ದೊರೆಯುತ್ತದೆ.

ಇದು ನನ್ನಂಥ ಬಡ ವಿದ್ಯಾರ್ಥಿಯೊಬ್ಬನ ಪಾಡು ಮಾತ್ರವಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳುಹಿಸಿದ ಒಂದು ದೋಷಯುಕ್ತ ಕಡತವನ್ನು ಓದಹೋಗಿ, ಕರ್ನಲಿನಲ್ಲಿ ಕುಳಿತಿದ್ದ ಅದರದೇ ಡ್ರೈವರ್ ತಪ್ಪು ವಿಳಾಸಕ್ಕೆ ಕೈಹಾಕಿತು. ಮೈಕ್ರೋಸಾಫ್ಟಿನ ಅಂದಾಜಿನಂತೆ ಜಗತ್ತಿನಲ್ಲಿ 85 ಲಕ್ಷ ವಿಂಡೋಸ್ ಯಂತ್ರಗಳು ಅಂದು ನೀಲಿ ಪರದೆಗೆ ಸಿಕ್ಕಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಚೀಟಿ ಕೊಟ್ಟು ವಿಮಾನ ಹತ್ತಿಸಬೇಕಾಯಿತು; ಬೆಂಗಳೂರಿನಲ್ಲಿಯೂ ಜನ ಸಾಲುಗಟ್ಟಿ ನಿಂತರು. ಅದು ನಿಸ್ತಂತು ಕಾರ್ಡಿನ ಡ್ರೈವರಲ್ಲ. ಆದರೆ ರೋಗದ ಜಾತಿ ಒಂದೇ.

ಈ ಅನುಭವದಿಂದ ನಾನು ಕಲಿತದ್ದು ಇಷ್ಟು. ಕೆಟ್ಟ ಯಂತ್ರದ ಮುಂದೆ ಕುಳಿತಾಗ ಮೊದಲು ಬೇಕಾದುದು ಜಾಣತನವಲ್ಲ, ತಾಳ್ಮೆ. ಭಯದಲ್ಲಿದ್ದವನು ಎಲ್ಲವನ್ನೂ ಒಟ್ಟಿಗೆ ಬದಲಿಸುತ್ತಾನೆ. ಹಾಗೆ ಮಾಡಿದಾಗ ಯಂತ್ರ ಸರಿಹೋದರೂ ಕಾರಣ ತಿಳಿಯುವುದಿಲ್ಲ. ಕೆಲವೊಮ್ಮೆ ಉಳಿಸಬೇಕಾದುದೇ ಅಳಿದುಹೋಗುತ್ತದೆ. ಅಂಗಡಿಯಲ್ಲಿ ನಾನು ಒಪ್ಪಿದ್ದ ಚಿಕಿತ್ಸೆಯಿಂದ ಯಂತ್ರ ಕೆಲಕಾಲ ಸರಿಹೋಗಿರುತ್ತಿತ್ತೋ ಏನೋ. ಆದರೆ ಆ ಕೆಟ್ಟ ಡ್ರೈವರೇ ಅಪ್‌ಡೇಟಿನೊಡನೆ ಮರಳಿ ಬರಬಹುದಾಗಿತ್ತು. ಅಜ್ಜಿಯ ದನಿ ಮರಳಿ ಬರುತ್ತಿರಲಿಲ್ಲ.

ನಲವತ್ತೆರಡು ಪದಗಳನ್ನೂ ಈಗ ಬರೆದಿಳಿಸಿಯಾಗಿದೆ. ಅವುಗಳ ನಕಲೊಂದನ್ನು ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಒಪ್ಪಿಸಿದ್ದೇನೆ. ಬಿಡುವಿದ್ದವರು ಕೇಳಬಹುದು, ಬೀಸುವ ಕಲ್ಲಿನ ಸದ್ದೂ ಅದರಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ.

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ