ಕತ್ತಿ ಒಂದೇ, ತೆರಿಗೆ ನಾಲ್ಕು

ಹೊರದೇಶದಿಂದ ಹಳೆಯ ಕತ್ತಿ ತರಿಸಿದರೆ ತೆರಿಗೆ ಎಷ್ಟು ಬೀಳುತ್ತದೆ ಎಂದು ಈಗ ಯಾರಾದರೂ ಕೇಳಿದರೆ ನಾನು ಮೊದಲು ಅದರ ಬೆಲೆ ಕೇಳುವುದಿಲ್ಲ. ಕಾಗದದಲ್ಲಿ ಅದನ್ನು ಏನೆಂದು ಬರೆದಿದ್ದಾರೆ ಎಂದು ಕೇಳುತ್ತೇನೆ. ನೂರು ವರ್ಷ ಮೀರಿದ ಪ್ರಾಚ್ಯವಸ್ತು ಎಂದಾದರೆ ಕಸ್ಟಮ್ಸ್ ಪಟ್ಟಿಯ 9706ನೇ ಶೀರ್ಷಿಕೆ. ಬರೀ ಕತ್ತಿ ಎಂದಾದರೆ ಆಯುಧಗಳ ಅಧ್ಯಾಯದ 9307. ಸ್ವಂತ ಬಳಕೆಗೆ ಅಂಚೆಯಲ್ಲೋ ವಿಮಾನದಲ್ಲೋ ತರಿಸಿಕೊಂಡ ಸಾಮಾನು ಎಂದು ಅಧಿಕಾರಿ ಹಿಡಿದರೆ 9804. ಪ್ರಯಾಣಿಕರ ಪೆಟ್ಟಿಗೆಯಲ್ಲಿ ಬಂದರೆ 9803. ಕತ್ತಿ ಅದೇ, ತೂಕ ಅದೇ, ತುಕ್ಕೂ ಅದೇ. ಕಟ್ಟಬೇಕಾದ ದುಡ್ಡು ಮಾತ್ರ ಬೇರೆ ಬೇರೆ.

ನಾನು ಕುಕ್ಕುವಾಡದವನು. ಸಕ್ಕರೆ ಕಾರ್ಖಾನೆ ಇರುವ ಊರು ಎಂದರೆ ದಾವಣಗೆರೆ ಕಡೆಯವರಿಗೆ ತಕ್ಷಣ ಗೊತ್ತಾಗುತ್ತದೆ. ಮಂಡಿಗಳ, ಅಕ್ಕಿ ಗಿರಣಿಗಳ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ಹಾಕುವುದು ನನ್ನ ಕಸುಬು. ಆಮದು ಸುಂಕದ ಗೊಡವೆ ನನಗೆ ಇರಲಿಲ್ಲ. ನಮ್ಮ ಮನೆದೇವರು ವೀರಭದ್ರ. ಅಜ್ಜ ಪುರವಂತರಾಗಿದ್ದರು. ಅವರು ಕೈಯಲ್ಲಿ ಹಿಡಿದು ಒಡಪು ಹೇಳುತ್ತಿದ್ದ ಕತ್ತಿ, ಮನೆ ಪಾಲಾದಾಗ ಯಾರ ಪಾಲಿಗೆ ಹೋಯಿತು ಎಂಬುದರ ಬಗ್ಗೆ ಮದುವೆ ಮನೆಗಳಲ್ಲಿ ಈಗಲೂ ಮಾತು ಏಳುತ್ತದೆ. ಬರ್ಮಿಂಗ್‌ಹ್ಯಾಮ್‌ನಲ್ಲಿರುವ ತಮ್ಮನ ಮಗ 2025ರ ಬೇಸಿಗೆಯ ಕೊನೆಗೆ ಫೋನ್ ಮಾಡಿ, "ದೊಡ್ಡಪ್ಪ, ಇಲ್ಲೊಂದು ಹರಾಜಿನಾಗೆ ಅಜ್ಜನ ಕತ್ತಿ ಥರದ್ದೇ ಐತಿ. ಅಪ್ಪಾಜಿ ಹೆಸರಿಗೆ ಕಳಿಸ್ತೀನಿ. ಟ್ಯಾಕ್ಸ್ ಎಷ್ಟಾಕ್ಕತಿ ನೋಡಿ ಹೇಳ್ರಿ" ಎಂದ. ಆಯುಧಪೂಜೆಗೆ ಮನೆಯಲ್ಲಿರಬೇಕು ಎಂಬುದು ಅವನ ಆಸೆ.

ಅವನು ಕಳಿಸಿದ ಫೋಟೊದಲ್ಲಿದ್ದದ್ದು ಫಿರಂಗಿ ಕತ್ತಿ. ಅಲಗು ಯುರೋಪಿನದು, ಹಿಡಿ ನಮ್ಮ ಕಡೆಯದು. ನೆಟ್ಟನೆಯ ಉದ್ದ ಅಲಗು, ನಡುವೆ ಸಣ್ಣ ಕಾಲುವೆ, ಕೈಬೆರಳು ಕಾಯುವ ಕಬ್ಬಿಣದ ಬುಟ್ಟಿ. ಆ ಬುಟ್ಟಿಗೆ ನೂಲಿನಲ್ಲಿ ಕಟ್ಟಿದ್ದ ಹಳದಿಗಟ್ಟಿದ ಚೀಟಿಯೊಂದರಲ್ಲಿ ಮಸಿಯಲ್ಲಿ ಬರೆದ ನಂಬರು. ಹಿಂದೆ ಯಾವುದೋ ಸಂಗ್ರಹದಲ್ಲಿದ್ದಾಗ ಕಟ್ಟಿದ್ದಿರಬೇಕು. ಹುಡುಗನಿಗೆ ಅದು ಕಸ. ಪೂಜೆಗೆ ಬರುವ ವಸ್ತು ಎಂದು ಚೀಟಿ ಕಿತ್ತು, ತುಕ್ಕು ತಿಕ್ಕಿ ಥಳಥಳ ಮಾಡಿಸಿ ಕಳಿಸುವ ಯೋಚನೆಯಲ್ಲಿದ್ದ. ಹುಣಸೆಹಣ್ಣು ಹಚ್ಚಿ ತಿಕ್ಕಲು ಅದೇನು ಹಿತ್ತಾಳೆ ಚೊಂಬಲ್ಲ ಮಾರಾಯ, ಚೀಟಿಗೂ ಕೈ ಹಚ್ಚಬೇಡ ಎಂದೆ. ವಯಸ್ಸು ತೋರಿಸುವ ತುಕ್ಕು, ಕೈ ಬದಲಾದದ್ದು ತೋರಿಸುವ ಚೀಟಿ, ಇವೆರಡೂ ಸುಂಕದ ಮೇಜಿನ ಮೇಲೆ ದುಡ್ಡೇ.

ಹರಾಜಿನವರ ಪಟ್ಟಿಯಲ್ಲಿ ವಯಸ್ಸು ಬರೆಯುವ ರೀತಿಯನ್ನು ಗಮನಿಸಬೇಕು. "18/19ನೇ ಶತಮಾನ" ಎಂದಿದ್ದರೆ ಹೆದರಿಕೆ ಇಲ್ಲ. ಯಾವುದನ್ನು ಹಿಡಿದರೂ ನೂರು ವರ್ಷ ದಾಟುತ್ತದೆ. "19/20ನೇ ಶತಮಾನ" ಎಂದಿದ್ದರೆ ಬಂತು ತಾಪತ್ರಯ. 1925ರ ಈಚೆಗೂ ಅದು ಇಪ್ಪತ್ತನೇ ಶತಮಾನವೇ ತಾನೆ? ನೂರು ದಾಟಿದೆ ಎಂದು ತೋರಿಸುವ ಹೊಣೆ ತರಿಸುವವನ ಮೇಲೆ ಬೀಳುತ್ತದೆ. ನಮ್ಮದಕ್ಕೆ ಮೊದಲನೆಯ ಥರ ಬರೆದಿದ್ದರು. ಆದರೂ ಬರೀ ಪಟ್ಟಿ ನಂಬದೆ, ಹರಾಜು ಮನೆಯ ಆಯುಧ ತಜ್ಞರಿಂದ ಸಹಿ, ತಾರೀಖು, ಫೋಟೊ ಸಮೇತ ಒಂದು ಪುಟದ ಅಭಿಪ್ರಾಯ ಪತ್ರ ತೆಗೆದುಕೋ ಎಂದು ಹುಡುಗನಿಗೆ ಹೇಳಿದೆ. ಹಿಡಿಯ ಎರಡು ಮೊಳೆ ಆಮೇಲೆ ಹಾಕಿದವು ಎಂದು ಆ ಪತ್ರದಲ್ಲೇ ಇತ್ತು. ರಿಪೇರಿಯಾದರೂ ಮೂಲ ಸ್ವರೂಪ ಕೆಡದಿದ್ದರೆ ಅದು ಪ್ರಾಚ್ಯವಸ್ತುವೇ ಎಂದು ಸುಂಕ ಪಟ್ಟಿಯ ವಿವರಣೆ ಹೇಳುತ್ತದೆ. ಆಯುಧಗಳ 93ನೇ ಅಧ್ಯಾಯದ ಟಿಪ್ಪಣಿಯೂ ಸಹ ಪ್ರಾಚ್ಯವಸ್ತುಗಳನ್ನು ಆ ಅಧ್ಯಾಯದಿಂದ ಹೊರಗಿಡುತ್ತದೆ. ಬೆಂಗಳೂರಿನ ಕಸ್ಟಮ್ಸ್ ಬ್ರೋಕರ್ ಒಬ್ಬರು ಈ ಎರಡು ಸಾಲನ್ನು ತೋರಿಸಿಕೊಟ್ಟ ಮೇಲೆಯೇ ನನಗೆ ಧೈರ್ಯ ಬಂದದ್ದು. ಕೊರಿಯರ್ ಬೇಡ, ಏರ್ ಕಾರ್ಗೋದಲ್ಲಿ ಬರಲಿ, ಆಮದಿನ ಘೋಷಣೆ ಪತ್ರವಾದ ಬಿಲ್ ಆಫ್ ಎಂಟ್ರಿಯಲ್ಲೇ 9706 ಎಂದು ಬರೆದು ದಾಖಲೆ ಲಗತ್ತಿಸೋಣ ಎಂದದ್ದೂ ಅವರೇ. ಕತ್ತಿ ಎಂದರೆ ಎಷ್ಟೋ ಕೊರಿಯರ್‌ನವರು ಮುಟ್ಟುವುದೂ ಇಲ್ಲ.

ಇನ್ನು ಲೆಕ್ಕ. ಹರಾಜಿನಲ್ಲಿ ಕೂಗು ನಿಂತದ್ದು 600 ಪೌಂಡಿಗೆ. ಅದರ ಮೇಲೆ ಹರಾಜು ಮನೆಯ ಕಮಿಷನ್ ಶೇ 25, ಅಂದರೆ 150. ಕಮಿಷನ್ ಮೇಲಿನ 30 ಪೌಂಡ್ ವ್ಯಾಟ್, ವಸ್ತು ದೇಶ ಬಿಟ್ಟ ಪುರಾವೆ ಕೊಟ್ಟ ಮೇಲೆ ವಾಪಸ್ ಬಂತು. ಸುಂಕಕ್ಕೆ ಹಿಡಿಯುವುದು ಕೂಗಿನ ಬೆಲೆ ಒಂದನ್ನೇ ಅಲ್ಲ. ಕಮಿಷನ್, ಸಾಗಣೆ, ವಿಮೆ ಎಲ್ಲ ಸೇರುತ್ತವೆ. ಸಾಗಣೆಗೆ 180 ಪೌಂಡ್ ಕೊಟ್ಟಿದ್ದರೂ, ವಿಮಾನದಲ್ಲಿ ಬಂದರೆ ಸರಕಿನ ಬೆಲೆಯ ಶೇ 20ಕ್ಕಿಂತ ಹೆಚ್ಚು ಸಾಗಣೆ ಸೇರಿಸಬಾರದು ಎಂಬ ನಿಯಮವಿದೆ. ಹಾಗಾಗಿ 150 ಮಾತ್ರ ಲೆಕ್ಕಕ್ಕೆ ಬಂತು. ವಿಮೆ 15. ಒಟ್ಟು 915 ಪೌಂಡ್. 120 ರೂಪಾಯಿಯಂತೆ 1,09,800 ರೂಪಾಯಿ.

ಮೂಲ ಸುಂಕ ಶೇ 10: 10,980. ಆ ಸುಂಕದ ಮೇಲೆ ಶೇ 10 ಸಮಾಜ ಕಲ್ಯಾಣ ಸರ್ಚಾರ್ಜ್: 1,098. ಇವೆಲ್ಲ ಕೂಡಿದ 1,21,878ರ ಮೇಲೆ ಆಮದಿನ ಜಿಎಸ್‌ಟಿ, ಅಂದರೆ ಐಜಿಎಸ್‌ಟಿ. ಸುಂಕದ ಮೇಲೂ ತೆರಿಗೆಯೇ ಎಂದು ತಮ್ಮ ಹುಬ್ಬೇರಿಸಿದ. ಹೌದು, ಹಾಗೇ.

ಈ ಐಜಿಎಸ್‌ಟಿ ವಿಷಯದಲ್ಲಿ ಪಂಚಾಂಗ ನಮ್ಮ ಕಡೆ ಇತ್ತು. ಪ್ರಾಚ್ಯವಸ್ತುಗಳ ದರ ಶೇ 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿಯಿತು. ಅವತ್ತೇ ನವರಾತ್ರಿಯ ಮೊದಲ ದಿನ. ಯಾವ ದಿನದ ದರ ಅನ್ವಯ ಎಂಬುದನ್ನು ಕಸ್ಟಮ್ಸ್ ಕಾಯ್ದೆಯ 15ನೇ ಕಲಮು ಹೇಳುತ್ತದೆ: ಕೊಂಡ ದಿನದ್ದಲ್ಲ, ದುಡ್ಡು ಕಳಿಸಿದ ದಿನದ್ದೂ ಅಲ್ಲ, ಬಿಲ್ ಆಫ್ ಎಂಟ್ರಿ ಸಲ್ಲಿಸಿದ ದಿನದ್ದು, ವಿಮಾನ ಆಮೇಲೆ ಬಂದಿಳಿದರೆ ಆ ದಿನದ್ದು. ಜಿಎಸ್‌ಟಿ ಕೌನ್ಸಿಲ್ ತೀರ್ಮಾನ ಸೆಪ್ಟೆಂಬರ್ ಮೊದಲ ವಾರದಲ್ಲೇ ಪತ್ರಿಕೆಗಳಲ್ಲಿ ಬಂದಿತ್ತು. ಆಯುಧಪೂಜೆಗೆ ಈ ಸಲ ಮನೆಯ ಕುಡುಗೋಲು, ಮಚ್ಚು, ಟ್ರ್ಯಾಕ್ಟರ್ ಸಾಕು, ಅವಸರ ಮಾಡಬೇಡ ಎಂದು ಹುಡುಗನನ್ನು ತಡೆದೆ. ಅವನಿಗೆ ಬೇಜಾರಾಯಿತು. ಆದರೆ ಐಜಿಎಸ್‌ಟಿ 6,094ಕ್ಕೆ ನಿಂತು, ಒಟ್ಟು ಕಟ್ಟಿದ್ದು 18,172 ರೂಪಾಯಿ. ಹಳೆಯ ದರವಾಗಿದ್ದರೆ 26,703. ಅದೇ ಕತ್ತಿಯನ್ನು 9307ರಲ್ಲಿ ಹಿಡಿದು ಶೇ 18 ಹಾಕಿದ್ದರೆ 34,016.

"ಸೂಟ್‌ಕೇಸ್‌ನಾಗೆ ಹಾಕ್ಕೊಂಡು ನಾನೇ ಬರ್ಲಾ?" ಎಂದೂ ಕೇಳಿದ್ದ. ಲೆಕ್ಕ ಹಾಕಿ ನೋಡಿದರೆ ಅದು ಅಗ್ಗವೇ. ನಾವು ವಿಚಾರಿಸಿದ ಹೊತ್ತಿನಲ್ಲಿ 50,000 ರೂಪಾಯಿವರೆಗೆ ವಿನಾಯಿತಿ, ಮೇಲಿನದಕ್ಕೆ ಸರ್ಚಾರ್ಜ್ ಸೇರಿ ಶೇ 38.5 ಇತ್ತು, ಸಾಗಣೆ, ವಿಮೆ ಬಿಟ್ಟು 90,000ದ ಕತ್ತಿಗೆ 15,400 ಬರುತ್ತಿತ್ತು. ಆದರೆ ಬೇಡ ಎಂದೆ. ಕಾರಣ ಆಯುಧ ಕಾಯ್ದೆ. 2016ರ ಆಯುಧ ನಿಯಮಗಳ ಪ್ರಕಾರ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿರುವ ಕತ್ತಿ ಕಠಾರಿಗಳು ಆಯುಧಗಳೇ. 1959ರ ಕಾಯ್ದೆಯ 10ನೇ ಕಲಮಿನಂತೆ ಆಯುಧ ಆಮದಿಗೆ ಪರವಾನಗಿ ಬೇಕು. ಪ್ರಾಚ್ಯಮೌಲ್ಯದ, ಬಂದೂಕಾಗಿ ಬಳಸಲಾಗದ ಆಯುಧಕ್ಕೆ 45ನೇ ಕಲಮಿನಲ್ಲಿ ವಿನಾಯಿತಿ ಇದೆ ನಿಜ. ಆದರೆ ನಡುರಾತ್ರಿ ಹೆಂಡತಿ ಮಕ್ಕಳನ್ನು ನಿಲ್ಲಿಸಿಕೊಂಡು ರೆಡ್ ಚಾನೆಲ್‌ನಲ್ಲಿ ಕಾನೂನಿನ ಕಲಮು ವಾದಿಸುವ ಕೆಲಸ ಯಾರಿಗೆ ಬೇಕು? ಆಯುಧ ಪರವಾನಗಿಯಿಂದ ಕೊಡವರಿಗೆ ಇರುವಂಥ ವಿನಾಯಿತಿ ಬಯಲುಸೀಮೆಯ ನಮಗಿಲ್ಲ. ಕಾರ್ಗೋ ಆದರೆ ತಜ್ಞರ ಪತ್ರ, 45ನೇ ಕಲಮಿನ ಉಲ್ಲೇಖ, ಮನೆಯಲ್ಲಿ ಪೂಜೆಗೆ ಇಡುತ್ತೇವೆಂಬ ಅರ್ಜಿ ಎಲ್ಲವನ್ನೂ ಮೊದಲೇ ಕೊಟ್ಟು, ಉತ್ತರ ಬಂದ ಮೇಲೆ ಹೆಜ್ಜೆ ಇಡಬಹುದು. ನಾವು ಮಾಡಿದ್ದು ಹಾಗೆ.

ಅಲ್ಲಿನ ಪ್ಯಾಕಿಂಗ್‌ನವನೊಬ್ಬ ಉಪಕಾರ ಮಾಡುವವನಂತೆ, "ಅಲಂಕಾರಿಕ ಲೋಹದ ವಸ್ತು, ಉಡುಗೊರೆ, 50 ಪೌಂಡ್" ಎಂದು ಬರೆದುಕೊಡಲೇ ಎಂದು ಹುಡುಗನನ್ನು ಕೇಳಿದನಂತೆ. ಇದು ದಾವಣಗೆರೆ ಮಂಡಿಯಲ್ಲಿ ನಾನು ದಿನಾ ಕೇಳುವ ಮಾತೇ. ಸುಳ್ಳು ಘೋಷಣೆಯಾದರೆ ಕಸ್ಟಮ್ಸ್ ಕಾಯ್ದೆಯ 111ನೇ ಕಲಮಿನಲ್ಲಿ ಮಾಲೇ ಮುಟ್ಟುಗೋಲು, 112ರಲ್ಲಿ ದಂಡ. ಅದೂ ಅಲ್ಲದೆ ಉಡುಗೊರೆ ಎಂದರೂ ಸುಂಕ ತಪ್ಪುವುದಿಲ್ಲ.

ಸಾರ್ವಜನಿಕ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕೆ ತರುವ ಪ್ರಾಚ್ಯವಸ್ತುಗಳಿಗೆ ಷರತ್ತಿನ ಮೇಲೆ ಸುಂಕದ ರಿಯಾಯಿತಿ ಇದೆ. ದೇವರ ಮನೆ ಮ್ಯೂಸಿಯಂ ಆಗುವುದಿಲ್ಲ. ಮಹಾರಾಷ್ಟ್ರ ಸರ್ಕಾರ 2025ರ ಏಪ್ರಿಲ್‌ನಲ್ಲಿ ಲಂಡನ್‌ನ ಸೋದಬೀಸ್ ಹರಾಜಿನಿಂದ ರಘೂಜಿ ಭೋಸಲೆಯ ಕತ್ತಿಯನ್ನು 47.15 ಲಕ್ಷ ರೂಪಾಯಿಗೆ ಪಡೆದು ಆಗಸ್ಟ್‌ನಲ್ಲಿ ಮುಂಬೈಗೆ ತಂದಿತು. ನಮ್ಮ ಶ್ರೀರಂಗಪಟ್ಟಣದಿಂದ 1799ರಲ್ಲಿ ಹೋದ ಟಿಪ್ಪುವಿನ ಶಯನಗೃಹದ ಕತ್ತಿ 2023ರ ಮೇ 23ರಂದು ಬಾನ್‌ಹ್ಯಾಮ್ಸ್‌ನಲ್ಲಿ ಸುಮಾರು 140 ಕೋಟಿ ರೂಪಾಯಿಗೆ ಬಿಕರಿಯಾಯಿತು. ಅದನ್ನು ಯಾರಾದರೂ ಖಾಸಗಿಯಾಗಿ ಕೊಂಡು ತಂದಿದ್ದರೆ ಅಂದಿನ ದರದಲ್ಲಿ ತೆರಿಗೆಯೇ 34 ಕೋಟಿ. ಮನೆಯಿಂದ ಲೂಟಿಯಾದ ವಸ್ತುವನ್ನು ಮನೆಗೆ ತರಲು ಇಷ್ಟು ಸುಂಕವೇ ಎಂದು ನನಗೂ ಅನಿಸಿದ್ದುಂಟು. ಕಾನೂನು ಮಾತ್ರ ವಸ್ತು ಹೇಗೆ ಹೋಯಿತೆಂದು ಕೇಳುವುದಿಲ್ಲ.

ದೀಪಾವಳಿ ಹೊತ್ತಿಗೆ ಕತ್ತಿ ಕುಕ್ಕುವಾಡಕ್ಕೆ ಬಂತು. ಕಸ್ಟಮ್ಸ್‌ನವರು ಪೆಟ್ಟಿಗೆ ಬಿಚ್ಚಿ, ಚೀಟಿಯ ನಂಬರನ್ನು ಪತ್ರದ ನಂಬರಿನ ಜೊತೆ ತಾಳೆ ನೋಡಿ, ಅಲಗನ್ನು ಅಳೆದು ಬಿಟ್ಟರು. ಬ್ರೋಕರ್ ಶುಲ್ಕ, ಗೋದಾಮಿನ ಬಾಡಿಗೆ ಸೇರಿದರೆ ಸುಂಕದಷ್ಟೇ ಇನ್ನೊಂದು ಖರ್ಚು ಆಯಿತು. ಆ ಲೆಕ್ಕ ಯಾವ ಅಧಿಸೂಚನೆಯಲ್ಲೂ ಸಿಗುವುದಿಲ್ಲ. ಹರಾಜಿಗೆ ಮೊದಲೇ ಕೇಳಿಟ್ಟುಕೊಳ್ಳಬೇಕು.

ಈಗ ಹುಡುಗನಿಗೆ ದಂತದ ಹಿಡಿಯ ಕಠಾರಿಯೊಂದರ ಮೇಲೆ ಕಣ್ಣು ಬಿದ್ದಿದೆ. ಅದಕ್ಕೆ ಲೆಕ್ಕ ಹಾಕಲೂ ನಾನು ಕೂರಲಿಲ್ಲ. ಅಲ್ಲಿ 2022ರ ಜೂನ್‌ನಿಂದ ಜಾರಿಯಲ್ಲಿರುವ ದಂತ ಕಾಯ್ದೆ ಇದೆ, ಇಲ್ಲಿ ವನ್ಯಜೀವಿ ಕಾಯ್ದೆ ಇದೆ. "ಹಂಗಾರೆ ಈ ಕತ್ತಿನಾರ ಮುಂದೆ ನಾನು ಇಲ್ಲಿ ಮನೆ ಕಟ್ಟಿದಾಗ ತಗೊಂಡು ಹೋಗ್ತೀನಿ" ಎಂದ. ಅದೂ ಆಗದು. 1976ರ ಏಪ್ರಿಲ್ 5ರಿಂದ ಜಾರಿಯಲ್ಲಿರುವ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯಂತೆ, ನೂರು ವರ್ಷ ಮೀರಿದ ಇಂಥ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಸುಂಕ ಕಡಿಮೆ ಮಾಡಿಸಲು ನಾವೇ ಕೊಟ್ಟ ತಜ್ಞರ ಪತ್ರ ಆಗ ನಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತದೆ. ತಮ್ಮನಿಗೆ ಮಾತ್ರ ಇದನ್ನು ಕೇಳಿ ಖುಷಿಯೋ ಖುಷಿ. ಮುಂದಿನ ಪಾಲಿನಲ್ಲಾದರೂ ಕತ್ತಿ ಊರು ಬಿಟ್ಟು ಹೋಗುವುದಿಲ್ಲವಲ್ಲ ಎಂದ.