ಕೂಸಿನ ಮೂಗಿಗೆ ಇಡುವ ಆ ಪೈಪು: ಹೆದರುವ ಮುನ್ನ ತಿಳಿಯೋಣ



ಮಳೆ ಮುಗಿದು ಚಳಿ ಶುರುವಾಗುವ ಹೊತ್ತಿಗೆ ತಾಳವಾಡಿ ಸೀಮೆಯ ನಮ್ಮ ಮನೆಗಳಲ್ಲಿ ಕೂಸುಗಳಿಗೆ ನೆಗಡಿ, ಕೆಮ್ಮು ಬರುವುದು ಹೊಸತಲ್ಲ. ಹೆಚ್ಚಿನವು ಮನೆಯಲ್ಲೇ ವಾಸಿಯಾಗುತ್ತವೆ. ಕಳೆದ ವರ್ಷ ನನ್ನ ಅಕ್ಕನ ನಾಲ್ಕು ತಿಂಗಳ ಮಗುವಿಗೆ ಹಾಗಾಗಲಿಲ್ಲ. ಮೂರನೆಯ ದಿನ ಹಾಲು ಬಿಟ್ಟು ಏದುಸಿರು ಬಿಡತೊಡಗಿತು. ಆಸ್ಪತ್ರೆಯಲ್ಲಿ ಮೂಗಿಗೆ ಎರಡು ಮೆತ್ತನೆಯ ನಳಿಕೆ ಇಟ್ಟು, ಪೈಪನ್ನು ಒಂದು ಯಂತ್ರಕ್ಕೆ ಜೋಡಿಸಿದರು. ಡಾಕ್ಟರು ತಮಿಳಿನಲ್ಲಿ ವಿವರಿಸಿದರು. ನಮ್ಮಮ್ಮನಿಗೆ ಅರ್ಧ ಮಾತ್ರ ಅರ್ಥವಾಯಿತು. "ಆಕ್ಸಿಜನ್ ಹಾಕಿದ ಮೇಲೆ ಇನ್ನೇನು ಉಳಿಯಿತು? ಮನೆಗೆ ಕರೆದುಕೊಂಡು ಹೋಗೋಣ" ಎಂದು ಅತ್ತರು. ಗುರುಗಳಿಗೂ ಫೋನ್ ಹೋಯಿತು. ಪುಣ್ಯಕ್ಕೆ ಅಕ್ಕ ಒಪ್ಪಲಿಲ್ಲ. ಎರಡು ದಿನ ಬಿಟ್ಟು ಯಂತ್ರ ತೆಗೆದರು. ಇಂದು ಆ ಮಗು ಪೂಜೆಯ ಹೊತ್ತಿನಲ್ಲಿ ಬೆಂಚುಗಳ ನಡುವೆ ಓಡಾಡುತ್ತದೆ.

ಅಂದು ನಮ್ಮ ಮನೆಯವರಿಗೆ ಗೊತ್ತಿಲ್ಲದೆ ಇದ್ದದ್ದನ್ನು ಇಂದು ಎಲ್ಲರೂ ಸೇರಿ ಕಲಿಯೋಣ.

1. ಇದು ಎಂಥ ಕಾಯಿಲೆ?

ಇದರ ಹೆಸರು ಬ್ರಾಂಕಿಯೋಲೈಟಿಸ್. ಶ್ವಾಸಕೋಶದೊಳಗಿನ ಅತಿ ಸಣ್ಣ ಉಸಿರುನಾಳಗಳು ವೈರಸ್‌ನಿಂದ ಊದಿಕೊಂಡು, ಕಫ ತುಂಬಿಕೊಳ್ಳುತ್ತವೆ. ಎರಡು ವರ್ಷದೊಳಗಿನ ಮಕ್ಕಳಿಗೆ, ಅದರಲ್ಲೂ ಮೊದಲ ವರ್ಷದಲ್ಲಿ ಹೆಚ್ಚು. ಮುಖ್ಯ ಕಾರಣ ಆರ್‌ಎಸ್‌ವಿ ಎಂಬ ವೈರಸ್. ದೊಡ್ಡವರಿಗೆ ಅದೇ ವೈರಸ್ ಬಂದರೆ ಸಾಮಾನ್ಯವಾಗಿ ಬರೀ ನೆಗಡಿ.

ಕೂಸಿಗೆ ಮಾತ್ರ ಯಾಕೆ ಇಷ್ಟು ಕಷ್ಟ? ಕಾಲೇಜಿನ ಭೌತಶಾಸ್ತ್ರದಲ್ಲಿ ಒಂದು ನಿಯಮ ಓದಿದ್ದೆ: ಕೊಳವೆಯ ಅಗಲ ಅರ್ಧವಾದರೆ ಅದರಲ್ಲಿ ಹರಿಯುವುದಕ್ಕೆ ತಡೆ ಎರಡು ಪಟ್ಟಲ್ಲ, 16 ಪಟ್ಟು ಹೆಚ್ಚುತ್ತದೆ. ಮೊದಲೇ ಸಣ್ಣದಾದ ನಾಳ ಸ್ವಲ್ಪ ಊದಿದರೂ ಸಾಕು, ಮಗು ಪ್ರತಿ ಉಸಿರಿಗೂ ದುಡಿಯಬೇಕಾಗುತ್ತದೆ. ದುಡಿದು ದಣಿದ ಮಗು ಹಾಲು ಬಿಡುತ್ತದೆ.

ಕಾಯಿಲೆ ಸಾಮಾನ್ಯವಾಗಿ 3ರಿಂದ 5ನೆಯ ದಿನದಲ್ಲಿ ಏರಿ, ಆಮೇಲೆ ಇಳಿಯುತ್ತದೆ. ಕೆಮ್ಮು ಎರಡು ಮೂರು ವಾರ ಉಳಿಯಬಹುದು. ವೈರಸ್ಸಾದ್ದರಿಂದ ಆ್ಯಂಟಿಬಯೋಟಿಕ್‌ ಇದಕ್ಕೆ ಕೆಲಸ ಮಾಡುವುದಿಲ್ಲ. "ಇಂಜೆಕ್ಷನ್ ಕೊಡಲೇ ಇಲ್ಲ" ಎಂದು ಡಾಕ್ಟರನ್ನು ದೂರಬೇಡಿ.

2. ಆ ಯಂತ್ರ ಏನು ಮಾಡುತ್ತದೆ?

ಅದಕ್ಕೆ ಹೈ ಫ್ಲೋ ಎನ್ನುತ್ತಾರೆ. ಸಾಮಾನ್ಯ ಆಕ್ಸಿಜನ್ ನಳಿಕೆಯಲ್ಲಿ ಕೂಸಿಗೆ ನಿಮಿಷಕ್ಕೆ ಹೆಚ್ಚೆಂದರೆ 2 ಲೀಟರ್ ಕೊಡುತ್ತಾರೆ. ಅದಕ್ಕಿಂತ ಹೆಚ್ಚು ಒಣ ಗಾಳಿ ಬಿಟ್ಟರೆ ಮೂಗು ಒಣಗಿ ನೋಯುತ್ತದೆ. ಹೈ ಫ್ಲೋ ಯಂತ್ರ ಗಾಳಿಯನ್ನೂ ಆಕ್ಸಿಜನ್ನನ್ನೂ ಬೆರೆಸಿ, ಮೈಬಿಸಿಯಷ್ಟು ಬೆಚ್ಚಗೆ ಮಾಡಿ, ತೇವ ಸೇರಿಸಿ ಕಳುಹಿಸುತ್ತದೆ. ಆದ್ದರಿಂದ ತೂಕದ ಕಿಲೋಗೆ ನಿಮಿಷಕ್ಕೆ ಸುಮಾರು 2 ಲೀಟರ್‌ನಂತೆ, ಅಂದರೆ 5 ಕಿಲೋ ಮಗುವಿಗೆ 10 ಲೀಟರ್ ಕೊಡಬಹುದು. ಈ ಹರಿವು ಮೂಗು ಗಂಟಲಲ್ಲಿ ಉಳಿದ ಹಳೆಯ ಗಾಳಿಯನ್ನು ತೊಳೆದು ಹಾಕುತ್ತದೆ, ಕಫ ಗಟ್ಟಿಯಾಗದಂತೆ ನೋಡಿಕೊಳ್ಳುತ್ತದೆ, ಉಸಿರಿನ ದುಡಿಮೆ ತಗ್ಗಿಸುತ್ತದೆ.

ಇದು ವೆಂಟಿಲೇಟರ್ ಅಲ್ಲ. ಗಂಟಲೊಳಗೆ ಉಸಿರಿನ ಪೈಪು ಇಳಿಸುವುದಿಲ್ಲ, ಉಸಿರಾಡುವುದು ಮಗುವೇ. ಕೆಲವು ಮಕ್ಕಳಿಗೆ ಮೂಗಿನ ಮೂಲಕ ಹೊಟ್ಟೆಗೆ ತೆಳು ನಳಿಕೆ ಇಟ್ಟು ಹಾಲು ಕೊಡುತ್ತಾರೆ. ಅದು ಬೇರೆ.

3. ಏನು ಮಾಡುವುದಿಲ್ಲ?

ಇದು ವೈರಸ್ಸನ್ನು ಕೊಲ್ಲುವುದಿಲ್ಲ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ 17 ಆಸ್ಪತ್ರೆಗಳಲ್ಲಿ, ಆಕ್ಸಿಜನ್ ಬೇಕಾಗಿದ್ದ 1,472 ಕೂಸುಗಳ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಸಾಮಾನ್ಯ ಆಕ್ಸಿಜನ್ ಪಡೆದವರಲ್ಲಿ 100ಕ್ಕೆ 23 ಮಕ್ಕಳಿಗೆ ಅದು ಸಾಲದೆ ಚಿಕಿತ್ಸೆ ಹೆಚ್ಚಿಸಬೇಕಾಯಿತು; ಹೈ ಫ್ಲೋ ಪಡೆದವರಲ್ಲಿ 12 ಮಕ್ಕಳಿಗೆ. ಆದರೆ ಆಸ್ಪತ್ರೆಯಲ್ಲಿ ಇರಬೇಕಾದ ದಿನಗಳು ಕಡಿಮೆಯಾಗಲಿಲ್ಲ. ಸಾಮಾನ್ಯ ಆಕ್ಸಿಜನ್ ಸಾಲದೆ ಹೈ ಫ್ಲೋಗೆ ಬದಲಾದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದರಲ್ಲೇ ಸುಧಾರಿಸಿದರು.

ಇದರಿಂದ ಎರಡು ಪಾಠ. ಎಲ್ಲ ಮಕ್ಕಳಿಗೂ ಈ ಯಂತ್ರ ಬೇಡ, ಹಲವರಿಗೆ ಸಾಮಾನ್ಯ ಆಕ್ಸಿಜನ್ನೇ ಸಾಕು. ಇನ್ನೊಂದು, ಈ ಯಂತ್ರ ಇಟ್ಟರೆ ಕೊನೆ ಬಂತು ಎಂದಲ್ಲ. ದೇಹ ತಾನೇ ಗೆಲ್ಲುವವರೆಗೆ ಮಗುವಿಗೆ ಕೊಡುವ ಆಸರೆ ಅದು. ಆ ಆಸರೆಯನ್ನು ನಡುವೆ ಕಿತ್ತುಕೊಂಡು ಮನೆಗೆ ತರುವುದೇ ಅಪಾಯ. ಕೆಲವು ಮಕ್ಕಳಿಗೆ ಇದೂ ಸಾಲದೆ ಹೆಚ್ಚಿನ ಚಿಕಿತ್ಸೆ ಬೇಕಾಗುತ್ತದೆ. ಅದಕ್ಕೂ ಆಸ್ಪತ್ರೆಯಲ್ಲೇ ಇರಬೇಕು.

4. ಮನೆಯಲ್ಲಿ ನಾವು ನೋಡಬೇಕಾದದ್ದು

ಮಗು ಅಳದೆ ಇರುವಾಗ ಅಂಗಿ ಎತ್ತಿ, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, 2 ತಿಂಗಳಿಂದ 1 ವರ್ಷದೊಳಗಿನ ಮಗುವಿಗೆ 50 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು, ಡಾಕ್ಟರಿಗೆ ತೋರಿಸಿ. ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುವುದು, ಹಾಲು ಅರ್ಧಕ್ಕಿಂತ ಕಡಿಮೆಯಾಗುವುದು, ಅರ್ಧ ದಿನ ಉಚ್ಚೆ ಹೊಯ್ಯದಿರುವುದು ಕಂಡರೆ ಅಂದೇ ಹೊರಡಿ. ತುಟಿ ನೀಲಿಗಟ್ಟಿದರೆ, ಉಸಿರು ನಡುನಡುವೆ ನಿಂತರೆ, ನರಳಿದರೆ, ಎಬ್ಬಿಸಿದರೂ ಏಳದಿದ್ದರೆ ತಕ್ಷಣ 108ಕ್ಕೆ ಕರೆ ಮಾಡಿ.

ಸತ್ಯಮಂಗಲಕ್ಕೆ ಇಳಿಯಲು ದಿಂಬಂ ಘಾಟಿಯ 27 ತಿರುವು ದಾಟಬೇಕು ಎಂಬುದು ನಮಗೆಲ್ಲ ಗೊತ್ತು. ಆದ್ದರಿಂದ ಹಗಲಿನಲ್ಲೇ ಅನುಮಾನ ಬಂದರೆ ರಾತ್ರಿಯವರೆಗೆ ಕಾಯಬೇಡಿ. ಚಾಮರಾಜನಗರವೋ ಸತ್ಯಮಂಗಲವೋ, ಮೊದಲೇ ನಿರ್ಧರಿಸಿಡಿ.

ಭಾಷೆ ತೊಡಕಾದರೆ ಒಂದು ಉಪಾಯ: ಮಗುವಿನ ಎದೆ ಏರಿಳಿಯುವುದನ್ನು ಮೊಬೈಲ್‌ನಲ್ಲಿ ಅರ್ಧ ನಿಮಿಷ ವಿಡಿಯೋ ಮಾಡಿಕೊಳ್ಳಿ. ಅದಕ್ಕೆ ತಮಿಳೂ ಬೇಡ, ಕನ್ನಡವೂ ಬೇಡ. ಅರ್ಥವಾಗದ ಮಾತಿಗೆ ತಲೆಯಾಡಿಸಬೇಡಿ, ಇನ್ನೊಮ್ಮೆ ಕೇಳಿ. ಕೇಳುವುದು ಅವಿಧೇಯತೆಯಲ್ಲ.

ತಡೆಯುವ ದಾರಿಯೂ ಇದೆ. ಕೂಸನ್ನು ಎತ್ತಿಕೊಳ್ಳುವ ಮುನ್ನ ಸೋಪು ಹಾಕಿ ಕೈ ತೊಳೆಯಿರಿ. ಎದೆಹಾಲು ಬಿಡಿಸಬೇಡಿ. ಒಲೆಯ ಹೊಗೆ, ಬೀಡಿಯ ಹೊಗೆ ಮಗುವಿನ ಬಳಿ ಬೇಡ. ನಿಮಗೆ ನೆಗಡಿ ಇದ್ದರೆ ದೂರದಿಂದಲೇ ಆಶೀರ್ವದಿಸಿ, ಮುತ್ತು ಬೇಡ.

5. ಮನೆಯಲ್ಲಿ ಮಾತಾಡಿಕೊಳ್ಳಲು

• ನಮ್ಮ ಮನೆಯ ಕೂಸಿನ ಉಸಿರನ್ನು ಎಣಿಸಲು ಯಾರಿಗೆಲ್ಲ ಬರುತ್ತದೆ?
• ರಾತ್ರಿ ಹೊರಡಬೇಕಾದರೆ ಗಾಡಿ ಯಾರದು, ತಮಿಳು ಬಲ್ಲವರು ಯಾರು ಜೊತೆಗೆ ಬರುತ್ತಾರೆ?
• ಪಕ್ಕದ ಮನೆಯ ಮಗು ಆಸ್ಪತ್ರೆಯಲ್ಲಿದ್ದಾಗ, ಹೆದರಿಸುವ ಮಾತು ಬಿಟ್ಟು ನಾವು ಏನು ನೆರವು ಕೊಡಬಹುದು?

ಮುಂದಿನ ಭಾನುವಾರ ಪೂಜೆಯ ನಂತರ ದೇವಾಲಯದ ಅಂಗಳದಲ್ಲಿ ಯುವಜನರು ಉಸಿರು ಎಣಿಸುವುದನ್ನು ಹೇಳಿಕೊಡುತ್ತೇವೆ. ತಾಯಂದಿರು ಮಾತ್ರವಲ್ಲ, ಅಪ್ಪಂದಿರೂ ಅಜ್ಜಿಯರೂ ತಪ್ಪದೆ ಬನ್ನಿ.

ಯುವ ಸಂಯೋಜಕ